ಟವೆಲ್ಲಿನ ಕೆಳಗೆ ಎಂಟು ಬೆರಳು

ಯಗಟಿಯ ರೇವಣಪ್ಪನ ಮುಖ ನೋಡಿ ಅವನ ಮನಸ್ಸಿನಲ್ಲಿರುವುದನ್ನು ಹೇಳಬಲ್ಲವರು ಕಡೂರು ಸೀಮೆಯಲ್ಲಿ ಯಾರೂ ಇರಲಿಲ್ಲ. ಮದುವೆಯ ದಿನ ಚಪ್ಪರದಲ್ಲಿ ಕೂತಿದ್ದವನನ್ನು ನೋಡಿ ಹೆಣ್ಣಿನ ಕಡೆಯವರು, "ಹುಡುಗನಿಗೆ ಒಪ್ಪಿಗೆ ಇಲ್ಲವೇನೋ" ಎಂದು ಗಾಬರಿಯಾಗಿದ್ದರಂತೆ. ಒಪ್ಪಿಗೆಯೇನೋ ಇತ್ತು. ಆ ಸುದ್ದಿ ಇನ್ನೂ ಮುಖದವರೆಗೆ ಬಂದಿರಲಿಲ್ಲ, ಅಷ್ಟೆ.

ಎತ್ತಿನ ದಲ್ಲಾಳಿಗೆ ಇಂಥ ಮುಖ ಎರಡು ಎಕರೆ ಗದ್ದೆಗೆ ಸಮ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನ ಕಡೆಯ ದಲ್ಲಾಳಿಯೂ ಕೊಳ್ಳುವವನ ಕಡೆಯ ದಲ್ಲಾಳಿಯೂ ಮಂಡಿಗೆ ಮಂಡಿ ತಾಗುವಂತೆ ಕುಕ್ಕರಗಾಲಲ್ಲಿ ಕೂತು, ತಮ್ಮ ಬಲಗೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು; ನೂರೋ ಸಾವಿರವೋ ಎನ್ನುವುದು ಎತ್ತು ನೋಡಿದರೇ ಇಬ್ಬರಿಗೂ ಗೊತ್ತು. ಹಸ್ತ ಪೂರ್ತಿ ಹಿಡಿದರೆ ಐದು. ಎಂಟು ಅನ್ನಬೇಕಾದರೆ ಮೊದಲು ಹಸ್ತ, ಆಮೇಲೆ ಮೂರು ಬೆರಳು. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಅಲುಗಾಡುವ ಟವೆಲ್ ಮಾತ್ರ. ಆದ್ದರಿಂದ ಆ ಹೊತ್ತಿನಲ್ಲಿ ಎಲ್ಲರೂ ನೋಡುವುದು ದಲ್ಲಾಳಿಗಳ ಮುಖವನ್ನು. ರೇವಣಪ್ಪನ ಮುಖ ನೋಡುವುದೂ ಊರ ಮುಂದಿನ ಬೋರ್ಗಲ್ಲು ನೋಡುವುದೂ ಒಂದೇ ಆಗಿತ್ತು.

ಅವನ ಎದುರಾಳಿ ಹಿರೇನಲ್ಲೂರಿನ ಬೀರಪ್ಪ. ದೂರದ ಸಂಬಂಧದಲ್ಲಿ ಬಾವ. ಇಪ್ಪತ್ತು ವರ್ಷ ವಾರಕ್ಕೊಮ್ಮೆಯಾದರೂ ಇಬ್ಬರೂ ಟವೆಲ್ಲಿನ ಕೆಳಗೆ ಕೈ ಸೇರಿಸಿದ್ದರು. ಸರಿಯಾಗಿ ಲೆಕ್ಕ ಹಾಕಿದರೆ, ರೇವಣಪ್ಪ ತನ್ನ ಹೆಂಡತಿ ಕಾಂತಮ್ಮನ ಕೈ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಬೀರಪ್ಪನ ಕೈಯನ್ನೇ ಹಿಡಿದಿದ್ದ.

ಎಪ್ಪತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ರೇವಣಪ್ಪನಿಗೆ ಉಬ್ಬಸ ಶುರುವಾಯಿತು. ಅಜ್ಜಂಪುರದ ಎತ್ತಿನ ವ್ಯಾಪಾರಿ ಈರಪ್ಪನ ಜೊತೆ ಒಂದು ಜೋಡಿ ಎತ್ತನ್ನು ರೈಲ್ವೆ ಸ್ಟೇಷನ್ನಿನವರೆಗೆ ನಡೆಸಿಕೊಂಡು ಹೋಗುವಾಗ ಮೂರು ಕಡೆ ಕೂತ. ಮೂರನೆಯ ಸಲ ಎತ್ತುಗಳೂ ಅವನ ಪಕ್ಕದಲ್ಲೇ ಮಲಗಿದವು. ಕಡೂರಿನ ಡಾಕ್ಟರ್ ಗಂಗಾಧರಯ್ಯನವರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಹುಡುಗನಾಗಿದ್ದಾಗ ಗಂಟಲುನೋವು ಬಂದು, ಆಮೇಲೆ ಮಂಡಿ, ಮೊಣಕೈ ಊದಿಕೊಂಡಿದ್ವಾ?"

"ಊದಿದ್ವು ಸ್ವಾಮಿ. ನಮ್ಮವ್ವ ಸೊಪ್ಪು ಬಿಸಿ ಮಾಡಿ ಕಟ್ಟಿದ್ಲು, ಇಳೀತು."

"ಮಂಡಿಯಲ್ಲಿ ಇಳೀತು. ಎದೆಯಲ್ಲಿ ಉಳೀತು."

ಹೃದಯದ ಎಡಭಾಗದಲ್ಲಿ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ನಡುವೆ ರಕ್ತ ಕೆಳಗಿಳಿಯಲು ಬಿಟ್ಟು ಮೇಲೆ ಹೋಗಲು ಬಿಡದ ಒಂದು ಕವಾಟ. ಎರಡು ಬೆರಳು ತೂರುವಷ್ಟು ಅಗಲ ತೆರೆಯಬೇಕಾದದ್ದು, ಆ ಹಳೆಯ ಜ್ವರದಿಂದ ಅಂಚುಗಳು ಅಂಟಿಕೊಂಡು, ಅವನ ಎದೆಯಲ್ಲಿ ಒಂದು ಪೆನ್ಸಿಲ್ಲಿಗೂ ದಾರಿ ಬಿಡುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿ ಕವಾಟವನ್ನೇ ಬದಲಾಯಿಸಿಕೊಳ್ಳಬೇಕು ಎಂದು ಗಂಗಾಧರಯ್ಯನವರು ಕಾಗದ ಬರೆದುಕೊಟ್ಟರು.

ಬೆಂಗಳೂರಿನ ಆಸ್ಪತ್ರೆಯ ಸರ್ಜನ್ ಹೊಸ ಕವಾಟದ ಒಂದು ನಮೂನೆಯನ್ನು ತೋರಿಸಿದರು. ಬಟ್ಟೆ ಸುತ್ತಿದ ಒಂದು ಬಳೆ, ಅದರ ಮೇಲೆ ಲೋಹದ ಕಡ್ಡಿಗಳ ಪುಟ್ಟ ಪಂಜರ, ಪಂಜರದೊಳಗೆ ಗೋಲಿಯಂಥ ಒಂದು ಬಿಳಿ ಗುಂಡು. ರಕ್ತ ಬಂದಾಗ ಗುಂಡು ಮೇಲೆ ಹಾರಿ ದಾರಿ ಬಿಡುತ್ತದೆ. ವಾಪಸ್ ಬರುವಷ್ಟರಲ್ಲಿ ಕೆಳಗೆ ಕೂತು ದಾರಿ ಮುಚ್ಚುತ್ತದೆ. ರೇವಣಪ್ಪ ಅದನ್ನು ಎತ್ತಿನ ಸುಳಿ ನೋಡುವಂತೆ ಸುತ್ತ ತಿರುಗಿಸಿ ನೋಡಿದ. ಅಲ್ಲಾಡಿಸಿ ಕಿವಿಗೆ ಹಿಡಿದ. ಹಲ್ಲು ನೋಡಲು ಅದಕ್ಕೆ ಬಾಯಿ ಇರಲಿಲ್ಲ.

"ಎಷ್ಟು ವರ್ಷ ದುಡೀತದೆ ಸ್ವಾಮಿ?"

"ನಿಮಗಿಂತ ಜಾಸ್ತಿ."

"ಹಂಗಾದ್ರೆ ಮಾಲು ಗಟ್ಟಿ" ಎಂದು ವಾಪಸ್ ಕೊಟ್ಟ.

ಆಪರೇಷನ್ನಿಗೆ ಎಂಟು ಬಾಟಲಿ ರಕ್ತ ಬೇಕಾಗಿತ್ತು. ಯಗಟಿಯಿಂದ ಒಂಬತ್ತು ಜನ, ಅಜ್ಜಂಪುರದಿಂದ ಈರಪ್ಪ, ಹಿರೇನಲ್ಲೂರಿನಿಂದ ಬೀರಪ್ಪ, ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಬಂದರು. ಸೂಜಿ ನೋಡಿ ಇಬ್ಬರಿಗೆ ಊರಲ್ಲಿ ಕೆಲಸ ಜ್ಞಾಪಕ ಬಂತು. ಬೀರಪ್ಪ ಮಾತ್ರ ತೋಳು ಮಡಚಿಕೊಂಡು ಮೊದಲು ಒಳಗೆ ಹೋದವನು, ಎಲ್ಲರಿಗಿಂತ ಮೊದಲೇ ಹೊರಗೆ ಬಂದ.

"ನನ್ ರಕ್ತ ಬ್ಯಾಡ್ವಂತೆ. ಬಾಳ ಬಿಸಿ ಐತಂತೆ. ಬಾಟ್ಲಿ ಸೀಳೋಗ್ತದೆ ಅಂದ್ರು" ಎಂದು ನಗಾಡಿದ. ಎಲ್ಲರೂ ನಂಬಿದರು. ಅವನ ಮುಖವೂ ಇಪ್ಪತ್ತು ವರ್ಷ ಪಳಗಿದ ಮುಖವೇ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಸರ್ಜನ್ ಬಂದಾಗ ಕಾಂತಮ್ಮ ಮಂಚದ ಪಕ್ಕದಲ್ಲೇ ಕೂತಿದ್ದಳು. ರೇವಣಪ್ಪನಿಗೆ ಒಂದು ಪ್ರಶ್ನೆ ಇತ್ತು. ಅದರ ಉತ್ತರ ಅವಳ ಕಿವಿಗೆ ಬೀಳಬಾರದಾಗಿತ್ತು. ಅವನು ಹೆಗಲ ಮೇಲಿನ ಟವೆಲ್ ತೆಗೆದ.

"ಸ್ವಾಮಿ, ಕೈ ಕೊಡಿ ಇತ್ಲಾಗೆ."

"ಯಾಕಪ್ಪಾ?"

"ಹತ್ತು ಎತ್ತು ಒಳಕ್ಕೆ ಹೋದ್ರೆ ಎಷ್ಟು ವಾಪಸ್ ಬತ್ತವೆ? ಬಾಯಲ್ಲಿ ಬ್ಯಾಡಿ. ಒಂದು ಬೆರಳಿಗೆ ಒಂದು, ಹಸ್ತಕ್ಕೆ ಐದು."

ಸರ್ಜನ್ ಒಂದು ಗಳಿಗೆ ಅವನನ್ನು ನೋಡಿದರು. ಆಮೇಲೆ ಟವೆಲ್ಲಿನ ಕೆಳಗೆ ಅವನ ಹಸ್ತವನ್ನು ಪೂರ್ತಿ ಹಿಡಿದರು. ಬಿಟ್ಟರು. ಮೂರು ಬೆರಳು ಹಿಡಿದರು. ನಾಲ್ಕನೆಯದನ್ನು ಮುಟ್ಟಿದರು, ಯೋಚಿಸಿದರು, ಬಿಟ್ಟುಬಿಟ್ಟರು.

ಅವರು ಆಚೆ ಹೋದ ಮೇಲೆ ಕಾಂತಮ್ಮ ಕೇಳಿದಳು: "ಎಷ್ಟಂದ್ರು?"

"ಹತ್ತು."

ಅವಳು ಆ ಮುಖವನ್ನು ತುಂಬಾ ಹೊತ್ತು ಹುಡುಕಿದಳು. ಅಲ್ಲಿ ಏನೂ ಸಿಗಲಿಲ್ಲ. ಹತ್ತು ಎಂದೇ ನಂಬಿದಳು.

ಮರುದಿನ ಎದೆಯ ಮೂಳೆ ಸೀಳಿ, ರಕ್ತವನ್ನು ಒಂದು ಯಂತ್ರದ ಮೂಲಕ ಸುತ್ತಾಡಿಸಿ, ಹೃದಯವನ್ನು ನಿಲ್ಲಿಸಿ, ಹಳೆಯ ಕವಾಟ ಕತ್ತರಿಸಿ ಹೊಸದನ್ನು ಹೊಲಿದರು. ರೇವಣಪ್ಪನಿಗೆ ಪೂರ್ತಿ ಎಚ್ಚರವಾಗಿ, ಬಾಯಿಯ ಕೊಳವೆ ತೆಗೆದ ಮೇಲೆ ಅವನು ಆಡಿದ ಮೊದಲ ಮಾತು, "ಆ ಗಡಿಯಾರ ಒಸಿ ನಿಲ್ಸಿ ಸಿಸ್ಟರ್, ನಿದ್ದೆ ಬರಾಕಿಲ್ಲ."

"ಅದು ನಿಂತರೆ ನೀವೂ ನಿಲ್ತೀರಿ" ಎಂದಳು ಸಿಸ್ಟರ್.

ಟಿಕ್, ಟಿಕ್, ಟಿಕ್. ಪಂಜರದೊಳಗೆ ಗುಂಡು ಕೂರುವ ಸದ್ದು. ಆಸ್ಪತ್ರೆಯಿಂದ ಬಿಡುವಾಗ ನೇಮಗಳನ್ನು ಹೇಳಿಕೊಟ್ಟರು. ರಕ್ತ ಹೆಪ್ಪುಗಟ್ಟದಿರಲು ದಿನವೂ ಒಂದು ಮಾತ್ರೆ. ಆಗಾಗ ರಕ್ತ ಪರೀಕ್ಷೆ. ಸೊಪ್ಪಿನ ಸಾರು ಒಂದು ವಾರ ಸುರಿದುಕೊಂಡು ಇನ್ನೊಂದು ವಾರ ಬಿಡುವುದು ಕೂಡದು, ತಿಂದರೆ ದಿನವೂ ಒಂದೇ ಪ್ರಮಾಣ. ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟಬಾರದು. ನೇಗಿಲು ಹಿಡಿಯಬಾರದು, ಮೂಟೆ ಹೊರಬಾರದು; ನಡೆಯಬಹುದು, ಮಾತಾಡಬಹುದು. ಕಾಂತಮ್ಮನಿಗೆ ಎಚ್‌ಎಂಟಿ ವಾಚಿನ ಸೆಕೆಂಡಿನ ಮುಳ್ಳು ನೋಡಿ ನಾಡಿ ಎಣಿಸುವುದನ್ನು ಕಲಿಸಿದರು. ಅವಳು ಎರಡೇ ದಿನದಲ್ಲಿ ನಾಡಿ ಬಿಟ್ಟಳು. ಒಲೆಯ ಮುಂದೆ ಕೂತೇ, ಸದ್ದು ಕೇಳಿ ಎಣಿಸುತ್ತಿದ್ದಳು.

ಊರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವನು ಸದ್ದು ಕೇಳಿ, ತನ್ನ ವಾಚನ್ನು ಕಿವಿಗೆ ಹಿಡಿದು, ಅದು ನಿಂತಿದ್ದು ಕಂಡು ಮತ್ತಷ್ಟು ಗಲಿಬಿಲಿಗೊಂಡ.

ಮೂಟೆ ಇಲ್ಲ, ನೇಗಿಲು ಇಲ್ಲ. ಉಳಿದದ್ದು ದಲ್ಲಾಳಿಕೆ ಒಂದೇ. ಅದಕ್ಕೆ ಬೇಕಾದದ್ದು ಒಂದು ಟವೆಲ್, ಒಂದು ಕೈ, ಒಂದು ಮುಖ; ಮೂರೂ ಸುರಕ್ಷಿತವಾಗಿದ್ದವು. ನಾಲ್ಕು ತಿಂಗಳ ಮೇಲೆ ತರೀಕೆರೆ ಸಂತೆಗೆ ಹೋದ. ಈರಪ್ಪನ ಜೋಡಿ ಮಾರಾಟಕ್ಕಿತ್ತು. ಕೊಳ್ಳುವವರ ಕಡೆ ಬೀರಪ್ಪ ಕೂತ. ಹಸ್ತ, ಒಂದು ಬೆರಳು. ರೇವಣಪ್ಪ ಕೈ ಕೊಡವಿದ. ಹಸ್ತ, ಎರಡು. ಕೊಡವಿದ. ಹಸ್ತ, ಮೂರು ಎನ್ನುವಾಗ ಬೀರಪ್ಪ ತಲೆ ಒಂದು ಕಡೆ ವಾಲಿಸಿದ. ಏನನ್ನೋ ಕೇಳುವವನಂತೆ ಕಣ್ಣು ಕಿರಿದು ಮಾಡಿದ. ಆಮೇಲೆ ಮೇಲಕ್ಕೆ ಹೋಗಲೇ ಇಲ್ಲ. ಅರ್ಧ ಗಂಟೆ ಕೂತರೂ ಎಂಟಕ್ಕೇ ನಿಂತ. ಈರಪ್ಪ ಎಂಟಕ್ಕೇ ಕೊಡಬೇಕಾಯಿತು.

ಮುಂದಿನ ಮೂರು ಸಂತೆಗಳಲ್ಲಿಯೂ ಹೀಗೆಯೇ ಆಯಿತು. ರೇವಣಪ್ಪ ಎಷ್ಟಕ್ಕೆ ಒಪ್ಪಬಹುದೋ ಅಷ್ಟನ್ನು ಮುಟ್ಟಿದ ಕೂಡಲೇ ಬೀರಪ್ಪ ನಿಲ್ಲುತ್ತಿದ್ದ. ನಾಲ್ಕನೆಯ ಸಲ ಬೀರಪ್ಪನೇ ಟವೆಲ್ ಮಡಚುತ್ತಾ ಹೇಳಿದ:

"ಏನ್ ಬಾವ, ಎದೇಲಿ ಇಟ್ಕಂಡಿರೋದ್ನ ಸಂತೇಗೆಲ್ಲ ಕೇಳಂಗೆ ಹೇಳ್ತೀಯಲ್ಲೋ! ರೇಟು ಹತ್ರ ಬಂದೇಟಿಗೆ ನಿನ್ ಗುಂಡು ಕುಣೀತದೆ ಕಣೋ."

ಸುತ್ತಲಿದ್ದವರು ನಕ್ಕರು. ರೇವಣಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎದೆ ಮಾತ್ರ ಟಿಕ್ಟಿಕ್ಟಿಕ್ ಎಂದು ಅವನ ಅವಮಾನವನ್ನೆಲ್ಲ ಬಿಡಿಸಿ ಹೇಳಿತು.

ಅವನು ಉಪಾಯಗಳನ್ನು ಹುಡುಕಿದ. ಬೇಸಿಗೆಯಲ್ಲಿ ಎರಡು ಕಂಬಳಿ ಹೊದ್ದು ಕೂತ. ಬೆವರಿನ ಮಡುವಾಯಿತು, ಸದ್ದು ಹೋಗಲಿಲ್ಲ. ಹಿಟ್ಟಿನ ಗಿರಣಿಯ ಪಕ್ಕ ವ್ಯಾಪಾರ ಇಟ್ಟುಕೊಂಡ. ಸರಿಯಾಗಿ ಬೆಲೆ ಕುದುರುವ ಹೊತ್ತಿಗೆ ಕರೆಂಟು ಹೋಯಿತು. ಕೊರಳಗಂಟೆ ಕಟ್ಟಿದ ಎತ್ತುಗಳ ನಡುವೆ ಕೂತ. ಅವು ಮೆಲುಕು ಹಾಕುತ್ತಾ ಗಂಟೆಗಳ ಸಮೇತ ನಿದ್ದೆ ಹೋದವು. ಕೊನೆಗೆ ಈರಪ್ಪನೇ ಬಂದು ಬಾಗಿಲಲ್ಲಿ ನಿಂತ.

"ಬೇಜಾರ್ ಮಾಡ್ಕಬ್ಯಾಡ ರೇವಣ್ಣ. ಬರೋ ಸೋಮ್ವಾರದ ಜೋಡೀನೂ ನಿನಗೇ ಕೊಡ್ತೀನಿ. ಅದೂ ಹಿಂಗೇ ಆದ್ರೆ, ಬ್ಯಾರೆಯವ್ರನ್ನ ನೋಡ್ಕತೀನಿ. ನಿನ್ನ ಆಪರೇಸನ್ಗೆ ರಕ್ತ ಕೊಟ್ಟೋನು ನಾನು. ಆದ್ರೆ ಎತ್ತು ಕೊಡಾಕಾಗಲ್ಲ."

ಈರಪ್ಪ ಬಿಟ್ಟರೆ ಅಜ್ಜಂಪುರದ ಕಡೆಯವರೆಲ್ಲ ಬಿಟ್ಟಂತೆಯೇ. ಅವನು ಹೋದ ಮೇಲೆ ರೇವಣಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತ. ಒಳಗಿನಿಂದ ಕಾಂತಮ್ಮನ ದನಿ ಬಂತು.

"ಈಗ ತೊಂಬತ್ತಾರು. ಅವನ್ಯಾವನೋ ಬೈದಿದ್ದಕ್ಕೆ ಯಾಕೆ ಇಷ್ಟು ಓಡಿಸ್ತೀರಿ?"

"ನೀನೂ ಕೇಳ್ಕಂಡು ಕೂತಿದ್ದೀಯಾ? ಊರೆಲ್ಲ ಕೇಳ್ತದೆ, ನೀನು ಬ್ಯಾರೆ."

"ನಾನು ಕೇಳಿದ್ರಲ್ಲಿ ಒಂದು ಲೆಕ್ಕ ಐತೆ ಕಣ್ರೀ." ಅವಳು ಹೊರಗೆ ಬಂದಳು. "ದಿನಾ ಬೆಳಗ್ಗೆ ಕೆರೆ ಏರಿ ಸುತ್ತಿ ಬತ್ತೀರಲ್ಲ, ಬಂದು ಕೂತೇಟಿಗೆ ನೂರಾನಾಕು. ನಾನು ರೊಟ್ಟಿ ತಟ್ಟೋದ್ರೊಳಗೆ ತೊಂಬತ್ತೆರಡು. ಕಾಫಿ ಕುಡಿಯೋ ಹೊತ್ತಿಗೆ ಎಪ್ಪತ್ತೆಂಟು. ದಿನಾ ಹಿಂಗೇ. ಬೀರಣ್ಣ ಏನು ಕೇಳ್ತಾನೆ? ಏರೋದ್ನ. ಇಳಿಯೋದ್ನ ಕೇಳಿಸ್ರಿ ಅವನಿಗೆ."

ರೇವಣಪ್ಪ ಅವಳನ್ನೇ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಟಿಕ್ಟಿಕ್ಟಿಕ್.

"ನೂರಾಎಂಟು" ಎಂದಳು ಕಾಂತಮ್ಮ. "ಖುಷಿ ಆಯ್ತು ಅನ್ನಿ."

ಸೋಮವಾರ ಅವನು ಸಂತೆಮಾಳವನ್ನು ಬಿರುಸಾಗಿ ಮೂರು ಸುತ್ತು ಸುತ್ತಿ ನೇರ ಬಂದು ಟವೆಲ್ ಹಾಕಿದ. ಬೀರಪ್ಪ ತಲೆ ವಾಲಿಸಿ ಕೇಳಿದ: ಗುಂಡು ಆಗಲೇ ಕುಣಿಯುತ್ತಿತ್ತು. ಹಸ್ತ, ಎರಡು ಬೆರಳು. ರೇವಣಪ್ಪ ಕೈ ಕೊಡವಿದ. ಹಸ್ತ, ಮೂರು. ಕುಣಿತ ಸ್ವಲ್ಪ ನಿಧಾನವಾಯಿತು. ಬೀರಪ್ಪನ ಹುಬ್ಬು ಗಂಟಿಕ್ಕಿತು. ಬೆಲೆ ಏರಿದರೆ ಇವನಿಗೆ ಆಸಕ್ತಿ ಇಳಿಯುವುದೇ? ಬೇರೆ ಗಿರಾಕಿ ಯಾರನ್ನೋ ಇಟ್ಟುಕೊಂಡಿದ್ದಾನೋ? ಹಸ್ತ, ನಾಲ್ಕು. ಇನ್ನೂ ನಿಧಾನ. ಈಗ ರೇವಣಪ್ಪನ ಎದೆ, ದೇವಸ್ಥಾನದ ಕಟ್ಟೆಯ ಮೇಲೆ ಮಲಗಿದವನ ಎದೆಯಂತೆ ನಿಶ್ಚಿಂತೆಯಾಗಿ ಟಿಕ್... ಟಿಕ್... ಎನ್ನುತ್ತಿತ್ತು. ಬೀರಪ್ಪ ಗಾಬರಿಯಾಗಿ ಎರಡು ಸಲ ಹಸ್ತ ಹಿಡಿದುಬಿಟ್ಟ. ಹತ್ತು! ಈರಪ್ಪ ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ತಟ್ಟೆ ಬೋಂಡ ಕೊಡಿಸಿದ.

ಈ ಉಪಾಯ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಬೀರಪ್ಪ ದಡ್ಡನಲ್ಲ, ಆದರೆ ರೇವಣಪ್ಪ ನಡೆಯುವುದು ಡಾಕ್ಟರು ಹೇಳಿದ ವ್ಯಾಯಾಮ ಎಂದು ಎಲ್ಲರಿಗೂ ಗೊತ್ತಿತ್ತು, ಅದರಲ್ಲಿ ವ್ಯಾಪಾರ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಎಂಬತ್ತಮೂರರ ಮಾಘದಲ್ಲಿ ಬೀರಪ್ಪನಿಗೆ ಹೊಳೆಯಿತು.

"ಬಾವ, ಇವತ್ತು ನಾನೂ ಬತ್ತೀನಿ ನಡಿ. ಜೊತೇಲೇ ಸುತ್ತಿ, ಜೊತೇಲೇ ಕಾಫಿ ಕುಡಿದು, ಆಮೇಲೆ ಕೂರಣ."

"ಬ್ಯಾಡ ಕಣೋ, ಬಿಸ್ಲು."

"ಓಹೋ! ನನ್ನ ಮೇಲೆ ಕನಿಕರ!"

ಎರಡನೆಯ ಸುತ್ತಿನಲ್ಲಿ, ಹುಣಸೇಮರದ ಹತ್ತಿರ, ಬೀರಪ್ಪನ ಮಾತು ನಿಂತಿತು. ರೇವಣಪ್ಪ ತಿರುಗಿ ನೋಡಿದಾಗ ಅವನು ಮರ ಹಿಡಿದುಕೊಂಡು ಕೆಳಗೆ ಜಾರುತ್ತಿದ್ದ. ಕಣ್ಣು ಮೇಲೆ ಹೋಗಿತ್ತು. ರೇವಣಪ್ಪ ಕೂತು ಅವನ ಎದೆಗೆ ಕಿವಿ ಇಟ್ಟ. ತನ್ನದೇ ಟಿಕ್ ಟಿಕ್ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಕಿವಿ ಬಿಟ್ಟು ಕೈ ಹಿಡಿದ. ಇಪ್ಪತ್ತಮೂರು ವರ್ಷ ಹಿಡಿದ ಕೈ. ಆ ಮಣಿಕಟ್ಟಿನ ನಾಡಿ ಸಣ್ಣಗೆ, ತಡವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಏಳುತ್ತಿತ್ತು. ಎಷ್ಟೋ ದಿನದಿಂದ ಅದು ಹೀಗೆಯೇ ಇತ್ತು ಎಂದು ರೇವಣಪ್ಪನಿಗೆ ಆಗ ನೆನಪಾಯಿತು. ಅವನು ಅದನ್ನೂ ಬೀರಪ್ಪನ ಜಾಣತನ ಎಂದುಕೊಂಡಿದ್ದ.

ಮಲಗಿಸಿ ಕಾಲೆತ್ತಿ ಹಿಡಿದ ಮೇಲೆ ಬೀರಪ್ಪ ಕಣ್ಣು ಬಿಟ್ಟ.

"ಅವತ್ತು ಬೆಂಗ್ಳೂರ್ನಾಗೆ ರಕ್ತ ಬ್ಯಾಡ ಅಂದಿದ್ದು ಯಾಕೋ? ನಿಜ ಹೇಳು."

"ಬಿಸಿ ಅಂತ..."

"ಲೇ!"

"ಎದೇಲಿ ಏನೋ ಸದ್ದು ಕೇಳ್ತದೆ, ತೋರಿಸ್ಕೋ ಅಂದ್ರು ಕಣೋ ಬಾವ. ನಿನ್ನನ್ನ ಒಳಗೆ ಸೀಳಾಕೆ ಇಟ್ಕಂಡಿದ್ರು. ನಾನು ಹೆದ್ರಿ ಬಂದ್ಬಿಟ್ಟೆ."

ಗಂಗಾಧರಯ್ಯನವರು ನೋಡಿದರು, ಬೆಂಗಳೂರಿನವರೂ ನೋಡಿದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದೊಡ್ಡ ನಾಳ ಮಹಾಪಧಮನಿ. ಅದರ ಬಾಯಲ್ಲಿರುವ ಕವಾಟ ಬೀರಪ್ಪನಲ್ಲಿ ಸುಣ್ಣಗಟ್ಟಿ ಬಿಗಿದುಹೋಗಿತ್ತು. ಬದಲಾಯಿಸದೆ ಬಿಟ್ಟರೆ ಇನ್ನೆರಡು ವರ್ಷ ದಾಟುವುದು ಕಷ್ಟ ಎಂದರು. ಬೀರಪ್ಪ ಊರಿಗೆ ವಾಪಸ್ ಬಂದು ಜಗಲಿಯ ಮೇಲೆ ಮಲಗಿದ, ಹೋಗುವುದಿಲ್ಲ ಎಂದ. ಹೆಂಡತಿ ಅತ್ತಳು, ಅಣ್ಣ ಬೈದ. ಕೊನೆಗೆ ರೇವಣಪ್ಪನೂ ಕಾಂತಮ್ಮನೂ ಹಿರೇನಲ್ಲೂರಿಗೆ ಹೋದರು.

"ಸಾಯೋದಕ್ಕೆ ಹೆದ್ರಿಕೆ ಇಲ್ಲ ಬಾವ" ಎಂದ ಬೀರಪ್ಪ. "ಟಿಕ್ ಅನ್ನೋದಕ್ಕೆ ಹೆದ್ರಿಕೆ. ನಿನ್ನ ಗತಿ ನೋಡಿಲ್ವಾ? ನಿನಗಾದ್ರೆ ಕಾಂತಕ್ಕ ಲೆಕ್ಕ ಹಾಕಿ ಬದುಕಿಸಿದ್ಲು."

"ನಿನಗೂ ಹಾಕ್ತಾಳೆ."

"ಹಂಗಾದ್ರೆ ಒಂದು ಹೇಳು. ನೀನು ಡಾಕ್ಟ್ರ ಹತ್ರಾನೇ ಟವೆಲ್ ಹಾಕಿದ್ಯಂತಲ್ಲ. ಹತ್ತಕ್ಕೆ ಎಷ್ಟಂದ್ರು?" ಬೀರಪ್ಪ ಎದ್ದು ಕೂತು, ತನ್ನ ಟವೆಲ್ಲನ್ನೇ ಹೊದಿಸಿ ಕೈ ನೀಡಿದ. "ಬಾಯಲ್ಲಿ ಬ್ಯಾಡ."

ಕಾಂತಮ್ಮ ಕಂಬದ ಪಕ್ಕ ನಿಂತಿದ್ದಳು. ರೇವಣಪ್ಪ ಬೀರಪ್ಪನ ಹಸ್ತ ಹಿಡಿದ. ಬಿಟ್ಟು, ಮತ್ತೆ ಹಸ್ತ ಹಿಡಿದ. ಹತ್ತು. ಮುಖ ಕಲ್ಲು.

ಟಿಕ್ಟಿಕ್ಟಿಕ್ಟಿಕ್.

ಬೀರಪ್ಪ ತಲೆ ವಾಲಿಸಿದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಬಂತು. "ಇಳಿಸು."

ಹಸ್ತ, ನಾಲ್ಕು ಬೆರಳು. ಟಿಕ್ಟಿಕ್ಟಿಕ್.

"ಇನ್ನೂ ಇಳಿಸು ಬಾವ. ನಡೆದು ಬಂದಿಲ್ಲ ನೀನು, ಬಸ್ಸಲ್ಲಿ ಕೂತ್ಕಂಡು ಬಂದಿದ್ದೀಯಾ."

ರೇವಣಪ್ಪ ಉಸಿರು ಬಿಟ್ಟ. ಹಸ್ತ, ಮೂರು ಬೆರಳು. ಎದೆಯ ಸದ್ದು ನಿಧಾನವಾಗಿ ಇಳಿದು ತನ್ನ ಜಾಗಕ್ಕೆ ಬಂದು ನಿಂತಿತು. ಬೀರಪ್ಪ ಮೂರು ಬೆರಳನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ಎಂಟು. ಪರವಾಗಿಲ್ಲ. ಎಂಟಕ್ಕೆ ಎಷ್ಟೋ ವ್ಯಾಪಾರ ಮುಗಿಸಿದ್ದೀವಿ. ಒಪ್ಪಿಗೆ."

ಆ ಎಂಟು ರೇವಣಪ್ಪನ ಆಪರೇಷನ್ನಿನ ಲೆಕ್ಕ. ಬೀರಪ್ಪನದು ಬೇರೆ ಕವಾಟ, ವರ್ಷವೂ ಬೇರೆ. ಆದರೆ ಅದನ್ನು ಹೇಳಲು ಅಲ್ಲಿ ಯಾವ ಡಾಕ್ಟರೂ ಇರಲಿಲ್ಲ. ಇದ್ದವಳು ಕಾಂತಮ್ಮ.

"ಎಂಟಾ?" ಎಂದಳು.

ಟಿಕ್ಟಿಕ್ಟಿಕ್ಟಿಕ್.

"ನನಗೆ ಹತ್ತು ಅಂದಿದ್ರಿ."

"ಕಾಂತಾ, ಅದು..."

"ಮನೆಗೆ ನಡೀರಿ. ನೂರಾಹತ್ತು ಆಯ್ತು, ನೂರಾಹತ್ತು." ಸೆರಗಿನಿಂದ ಕಣ್ಣೊರಸಿಕೊಂಡು ಮತ್ತೆ ಬೈಯತೊಡಗಿದಳು. ಬೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ; ಡಾಕ್ಟರು ಜೋರಾಗಿ ನಗಬೇಡ ಎಂದಿದ್ದು ಆಮೇಲೆ ಜ್ಞಾಪಕ ಬಂತು.

ಅವನ ಆಪರೇಷನ್ನು ರೇವಣಪ್ಪನದಕ್ಕಿಂತ ಉದ್ದವಾಯಿತು. ಮಹಾಪಧಮನಿಯ ಬುಡ ಇಕ್ಕಟ್ಟಾಗಿದ್ದುದರಿಂದ ಅಲ್ಲಿ ಸೀಳಿ, ಬಟ್ಟೆಯ ಒಂದು ಪುಟ್ಟ ತೇಪೆ ಹಾಕಿ ಅಗಲ ಮಾಡಿ, ಆಮೇಲೆ ಗುಂಡಿನ ಕವಾಟ ಕೂರಿಸಿದರು. ಊರಿಗೆ ಬಂದ ಬೀರಪ್ಪ ಸಿಕ್ಕವರಿಗೆಲ್ಲ ಹೇಳಿದ: "ಬಾವಂದು ಬರೀ ಗುಂಡು. ನಂದು ಟವೆಲ್ ಸಮೇತ."

ಎಂಬತ್ನಾಲ್ಕರ ಯುಗಾದಿಯ ಮುಂದಿನ ಸಂತೆಯಲ್ಲಿ ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂತರು. ಬೀರಪ್ಪ ಹಳೆಯ ಅಭ್ಯಾಸದಂತೆ ತಲೆ ವಾಲಿಸಿದ. ಟಿಕ್ ಟಕ್, ಟಕ್ ಟಿಕ್, ಟಿಕ್ಟಕ್. ಯಾವುದು ಅವನದು, ಯಾವುದು ತನ್ನದು ಎಂದು ಗೊತ್ತಾಗಲಿಲ್ಲ. ಉಸಿರು ಬಿಗಿಹಿಡಿದು ಕೇಳಿದ. ತನ್ನದೇ ಇನ್ನೂ ಜೋರಾಯಿತು. ಸುತ್ತಲಿನವರೂ ಬಗ್ಗಿ ಕಿವಿಗೊಟ್ಟರು. ಯಾರಿಗೂ ಏನೂ ತಿಳಿಯಲಿಲ್ಲ. ಕೊನೆಗೆ ವಿಧಿಯಿಲ್ಲದೆ ಎಲ್ಲರೂ ಮೊದಲಿನಂತೆ ರೇವಣಪ್ಪನ ಮುಖವನ್ನೇ ನೋಡಿದರು.

ಅಲ್ಲಿ ಏನೂ ಇರಲಿಲ್ಲ. ಈರಪ್ಪನ ಜೋಡಿ ಒಳ್ಳೆಯ ಬೆಲೆಗೆ ಹೋಯಿತು. ರೇವಣಪ್ಪ ಅಂದು ಸಂತೆಮಾಳ ಸುತ್ತಿರಲಿಲ್ಲ.

ಸಂಜೆ ಅವನು ಮನೆಗೆ ಬಂದು ಜಗಲಿಯ ಮೇಲೆ ಕೂತಾಗ ಕಾಂತಮ್ಮ ಒಳಗಿನಿಂದಲೇ ಕೇಳಿದಳು.

"ಹೋಟ್ಲಿಗೆ ಹೋಗಿದ್ರಾ? ಬೋಂಡ ತಿಂದ್ರಾ?"

"ಇಲ್ಲಪ್ಪ" ಎಂದ ರೇವಣಪ್ಪ, ಕಲ್ಲಿನಂಥ ಮುಖ ಮಾಡಿಕೊಂಡು.

ಮನೆಯಲ್ಲಿ ಇದ್ದದ್ದು ಒಂದೇ ಗುಂಡು.

"ಎಷ್ಟು ತಟ್ಟೆ?" ಎಂದಳು ಕಾಂತಮ್ಮ.